ಇಡ್ವಾಲ್‌ಗೊಂದು ಹೆಸರು

ಆ ಬೆಳಿಗ್ಗೆ ಮೆನ್ನಾ ಗಂಡನಿಗೆ ಹೇಳಿದ್ದು ಒಂದೇ ಮಾತು: "ಹೊಸಾ ಪ್ಯಾಂಟು, ರಸ್ತೆ ಮೇಲೇ ಹೋಗು." ಇಡ್ವಾಲ್ ಜೋನ್ಸ್ ಹೂಂ ಅಂದ. ಓಣಿಯ ತಿರುವಿನಲ್ಲಿ ಅವಳ ಕಣ್ಣಿಗೆ ಮರೆಯಾದ ಕೂಡಲೇ ಬೇಲಿ ದಾಟಿ ನೆರೆಯ ರೈತ ಗ್ವಿಲಿಮನ ಹುಲ್ಲುಗಾವಲಿಗೆ ಇಳಿದ.

ರಸ್ತೆ ಹಿಡಿದರೆ ಸೇತುವೆ, ಚಾಪೆಲ್ಲೆಂಬ ಪ್ರಾರ್ಥನಾಮಂದಿರ, ಅಂಚೆ ಕಚೇರಿ ಎಲ್ಲಕ್ಕೂ ಪ್ರದಕ್ಷಿಣೆ ಹಾಕಬೇಕು. ಹುಲ್ಲುಗಾವಲು ದಾಟಿದರೆ ನೇರ ಪ್ಲಾಸಿನ ಹಿತ್ತಿಲು. ಪ್ಲಾಸ್ ಎಂದರೆ ವೇಲ್ಸಿನ ನಂತವ್ರಾನ್ ಊರಿನ ಜಮೀನ್ದಾರರ ಹಳೇ ಬಂಗಲೆ. ಜಮೀನ್ದಾರರ ವಂಶ ಅರ್ಧ ಇಸ್ಪೀಟಿಗೆ, ಅರ್ಧ ಕುದುರೆಗೆ ಕರಗಿಹೋದ ಮೇಲೆ ಈಗದು ಟಿಕೆಟ್ಟು ಕೊಂಡು ನೋಡುವ ಜಾಗ. ಅಂದು ಆ ವರ್ಷದ ಬಾಗಿಲು ತೆರೆಯುವ ದಿನ. ಇಡ್ವಾಲ್ ಅಲ್ಲಿನ ಹೊಸ ಗೈಡು.

ಹೊಲದ ಆಚೆ ತುದಿಯ ತಡಮೆ ಹತ್ತಿ, ಮೇಲೆ ನಿಂತು, ಬೆಟ್ಟದ ನೆತ್ತಿಯ ಮೋಡ ನೋಡಿ, ಇವತ್ತು ಮಳೆ ಬರಲಿಕ್ಕಿಲ್ಲ ಎಂದು ಅವನು ತೀರ್ಮಾನಿಸುತ್ತಿದ್ದ. ಅಷ್ಟರಲ್ಲಿ ಗ್ವಿಲಿಮನ ಟಗರು ಹಿಂದಿನಿಂದ ಬಂದು ತನ್ನ ಅಭಿಪ್ರಾಯ ತಿಳಿಸಿತು.

ಇಡ್ವಾಲ್ ಮುಂದಕ್ಕೆ ಹಾರಿದ. ಪ್ಯಾಂಟು ತಡಮೆಯ ಮೊಳೆಗೆ ಸಿಕ್ಕಿ, ನಾನು ಬರುವುದಿಲ್ಲ ಎಂದಿತು. ಪರ್‍ರೆಂದು ಸದ್ದಾಯಿತು. ಮುಟ್ಟಿದರೆ ತುರಿಸುವ ನೆಟಲ್ ಗಿಡಗಳ ನಡುವಿನಿಂದ ಎದ್ದು ನೋಡಿದರೆ ಅವನ ಪಾಲಿಗೆ ಉಳಿದದ್ದು ಒಂದು ಬೆಲ್ಟು, ಎರಡು ಕಾಲು. ಕೂರುವ ಭಾಗವೆಲ್ಲ ಟಗರಿನ ಕೊಂಬಿಗೆ ತೂಗುಬಿದ್ದಿತ್ತು. ಟಗರು ಕೋಟೆ ಗೆದ್ದ ಸೇನಾಪತಿಯ ಹಾಗೆ ಬಾವುಟ ಹಾರಿಸುತ್ತ ಹೊರಟೇಹೋಯಿತು.

ಪ್ಯಾಂಟು ಹೋದದ್ದಕ್ಕೆ ಇಡ್ವಾಲ್ ಅಳಲಿಲ್ಲ. ಅವನು ಹೆದರಿದ್ದು ಹೆಸರಿಗಾಗಿ.

ನಂತವ್ರಾನಿನಲ್ಲಿ ಕಲ್ಲೆಸೆದರೆ ಒಬ್ಬ ಜೋನ್ಸ್‌ಗೆ ತಾಗುತ್ತದೆ, ತಪ್ಪಿದರೆ ಇವಾನ್ಸ್‌ಗೆ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ನಾಮಕರಣದ ದಿನ ಕೇಕು ತಿನ್ನುವುದಕ್ಕೆ ಮಾತ್ರ. ನಿಜವಾದ ಹೆಸರನ್ನು ಇಡುವುದು ಊರು. ಹಾಲಿನ ಜೋನ್ಸ್, ಹೆಣದ ಜೋನ್ಸ್ ಇವರೆಲ್ಲ ಪುಣ್ಯವಂತರು, ಕಸುಬಿನ ಹೆಸರು ಸಿಕ್ಕಿತು. ಕಣಜದ ವಿಲ್‌ನ ಕತೆ ಬೇರೆ. ಚಾಪೆಲ್ಲಿನ ಹಾಡಿನ ನಡುವೆ ಅವನ ಪ್ಯಾಂಟಿನೊಳಗೆ ಒಂದು ಕಣಜ ಹೊಕ್ಕು, ಆತ ಅಲ್ಲಿಯವರೆಗೆ ಯಾವ ಗಂಡಸೂ ಮುಟ್ಟದ ಸ್ವರ ಮುಟ್ಟಿದ. ವಿಲ್ ಸತ್ತು ಮಣ್ಣಾದ. ಅವನ ಮೊಮ್ಮಗಳು ಕಾರ್ಡಿಫಿನಲ್ಲಿ ಹೃದಯದ ದೊಡ್ಡ ಡಾಕ್ಟರು. ಊರಿಗೆ ಬಂದರೆ ಮಾತ್ರ "ಕಣಜದ ಡಾಕ್ಟ್ರು ಬಂದ್ರು" ಅನ್ನುತ್ತಾರೆ.

ಇಡ್ವಾಲ್ ಇಷ್ಟು ವರ್ಷ ಊರ ಬಸ್ಸು ಓಡಿಸಿ ಬಸ್ ಇಡ್ವಾಲ್ ಆಗಿದ್ದ. ಹೋದ ಚಳಿಗಾಲ ಬಸ್ಸು ನಿಂತಿತು, ಹೆಸರೂ ಅದರ ಜೊತೆ ಷೆಡ್ಡು ಸೇರಿತು. ಈಗವನು ಗೋಡೆಯ ಮೇಲಿನ ಖಾಲಿ ಮೊಳೆ. ಏನು ನೇತುಹಾಕೋಣ ಎಂದು ಊರೆಲ್ಲ ಹುಡುಕುತ್ತಿತ್ತು. ಪ್ಲಾಸಿನ ಕೆಲಸ ಸಿಕ್ಕಾಗ ಅವನು ಒಳಗೊಳಗೇ ಆಯ್ದುಕೊಂಡಿದ್ದ: ಪ್ಲಾಸ್ ಇಡ್ವಾಲ್. ಕೇಳಿದರೆ ಬಂಗಲೆಯೇ ಅವನದೇನೋ ಅನ್ನಿಸಬೇಕು. ಹೋದ ವಾರ ತಾನೇ ಮೊದಲ ಮೊಮ್ಮಗ ಹುಟ್ಟಿದ್ದ. ಇನ್ನೂ ಒಂದು ಹಲ್ಲಿಲ್ಲದ ಆ ಕೂಸು ಜೀವಮಾನವಿಡೀ ಹೊರಬೇಕಾದ ಹೆಸರು ಇವತ್ತು ಅವನ ಕೈಯಲ್ಲಿತ್ತು. ಕೈಯಲ್ಲಿತ್ತೋ, ಇನ್ನೆಲ್ಲಿತ್ತೋ.

ಇಡ್ವಾಲ್ ಗೋಡೆಗೆ ಬೆನ್ನು ಅಂಟಿಸಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು, ಅಡಿಗೆಮನೆಯ ಬಾಗಿಲಿನಿಂದ ಒಳಹೊಕ್ಕ. ಒಂದು ದೊಡ್ಡ ತಟ್ಟೆ ಹಿಂಬದಿಗೆ ಹಿಡಿದುಕೊಂಡು ಮನೆಗೆ ಫೋನ್ ಹಚ್ಚಿದ. ಎತ್ತುವವರಿಲ್ಲ. ಸಂಜೆಯ ಟೀಗೆ ಊರ ಹೆಂಗಸರೆಲ್ಲ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಸ್ಯಾಂಡ್‌ವಿಚ್ ಮಾಡುತ್ತಿದ್ದಾರೆಂದು ನೆನಪಾಗಿ ಅಲ್ಲಿಗೆ ಹಚ್ಚಿದ. ಎತ್ತಿದವಳು ಅಂಚೆ ಕಚೇರಿಯ ನೆಸ್ತಾ. ಅವಳಿಗೆ ಹೇಳಿದ ಗುಟ್ಟು ಕಾಗದಕ್ಕಿಂತ ಬೇಗ ಮನೆ ಮುಟ್ಟುತ್ತಿತ್ತು. ಊರಲ್ಲಿ ಹೊಸ ಹೆಸರಿಗೆ ಠಸ್ಸೆ ಒತ್ತುವವಳೂ ಅವಳೇ.

"ಯಾರದು? ಮೊಟ್ಟೆ ಬಿಡಿಸ್ತಿದೀವಿ, ಬೇಗ ಹೇಳಿ."

"ನಾನು ಇಡ್ವಾಲ್, ನೆಸ್ತಾ. ಮೆನ್ನಾನ ಕರಿ."

"ಅವಳ ಕೈಯೆಲ್ಲ ಬೆಣ್ಣೆ. ನಂಗೇ ಹೇಳು."

"ಅದು... ನನ್ನ..." ಸತ್ಯ ನಾಲಿಗೆಯ ತುದಿವರೆಗೆ ಬಂದು ನೆಸ್ತಾಳ ಉಸಿರು ಕೇಳಿ ವಾಪಸು ಓಡಿತು. "ಕೊಡೆ. ನನ್ನ ಕೊಡೆ ತಗೊಂಡು ಬರ್ಬೇಕಂತೆ ಅಂತ ಹೇಳು."

"ಕೊಡೇನಾ? ಹೊರಗೆ ಬಿಸಿಲು ಸುಡ್ತಿದೆ."

"ನಾವಿರೋದು ವೇಲ್ಸಲ್ಲಿ ತಾನೆ? ಬರುತ್ತೆ ಮಳೆ."

"ಇಡ್ವಾಲ್ ಬಾಚ್, ನನ್ನ ಮರಿ, ಯಾಕೋ ಏದುಸಿರು ಬಿಡ್ತಿದೀಯ. ಒಂದ್ನಿಮಿಷ ಕೂತ್ಕೊಂಡು ಮಾತಾಡು."

"ಕೂರೋಕಾಗಲ್ಲ."

"ಯಾಕೆ?"

"ಇಲ್ಲಿನ ಕುರ್ಚಿ ಎಲ್ಲ ಮುನ್ನೂರು ವರ್ಷದ್ದು. ಕೂತ್ರೆ ಕೆಲಸ ಹೋಗುತ್ತೆ," ಎಂದು ಇಡ್ವಾಲ್ ಫೋನ್ ಕುಕ್ಕಿದ.

ಬಾಗಿಲು ತೆರೆಯುವ ಹೊತ್ತಾಗುತ್ತಿತ್ತು. ದಿಕ್ಕು ತೋಚದೆ ಮಹಡಿಗೆ ಹೋದವನಿಗೆ ಕಂಡದ್ದು ಗಾಜಿನ ಪೆಟ್ಟಿಗೆ. ಅದರೊಳಗೆ ಒಬ್ಬ ಪುರಾತನ ಜಮೀನ್ದಾರ ತನ್ನ ಮದುವೆಯಲ್ಲಿ ತೊಟ್ಟ ನೇರಳೆ ಮಖಮಲ್ಲಿನ ಚಲ್ಲಣ. ಸೊಂಟಕ್ಕೂ ಮೊಣಕಾಲಿನ ಕೆಳಗೂ ಬೆಳ್ಳಿ ಗುಂಡಿ. ಬೀಗದ ಕೈ ಇಡ್ವಾಲನ ಸೊಂಟದಲ್ಲೇ ಇತ್ತು. ಸೈತಾನ ಇದಕ್ಕಿಂತ ಸಲೀಸಾಗಿ ಯಾರನ್ನೂ ಕೆಡಿಸಿರಲಾರ.

ಆ ಜಮೀನ್ದಾರ ಕಡ್ಡಿಯಂಥವನಿರಬೇಕು. ಇಡ್ವಾಲ್ ಇಪ್ಪತ್ತು ವರ್ಷ ಬಸ್ಸಿನ ಸೀಟಿನಲ್ಲಿ ಕೂತು ಬೆಳೆದವನು. ಉಸಿರು ಒಳಗೆಳೆದು, ಹೊಟ್ಟೆಯನ್ನು ಎದೆಗೆ ವರ್ಗಾಯಿಸಿ, ಹೇಗೋ ತುರುಕಿಕೊಂಡ. ಕೆಳಗೆ ಬರೀ ಮೀನಖಂಡ, ಅದರ ಕೆಳಗೆ ಬೂದು ಕಾಲುಚೀಲ. ಖಾಲಿ ಪೆಟ್ಟಿಗೆ ಕಂಡರೆ ಕಳ್ಳತನವಾಯಿತೆಂದು ಗುಲ್ಲೆದ್ದೀತು ಎಂದು ತನ್ನ ಹರಿದ ಪ್ಯಾಂಟನ್ನೇ ಮಡಚಿ ಒಳಗಿಟ್ಟು ಬೀಗ ಹಾಕಿದ.

ಕೆಳಗೆ ಯಾರೋ ಅಡಿಗೆಮನೆಯ ಬಾಗಿಲು ಬಡಿದರು. ಅದೃಷ್ಟಕ್ಕೆ ಅದು ಮೇಲರ್ಧ ಬೇರೆ, ಕೆಳಗರ್ಧ ಬೇರೆ ತೆರೆಯುವ ಬಾಗಿಲು. ಇಡ್ವಾಲ್ ಮೇಲರ್ಧ ಮಾತ್ರ ತೆರೆದ. ಆಚೆ ನೆಸ್ತಾ, ಕೈಯಲ್ಲೊಂದು ಕೊಡೆ. ಪಕ್ಕದಲ್ಲಿ ಗ್ವಿಲಿಮ್, ಅವನ ಕೈಯಲ್ಲಿ ಎರಡು. ಗ್ವಿಲಿಮ್ ಏನು ಮಾಡಿದರೂ ಎರಡೆರಡು. ಮಾತಂತೂ ಒಂದು ಸಲ ಆಡಿ ಗೊತ್ತೇ ಇಲ್ಲ. ಅವನನ್ನು ಊರು ಕರೆಯುವುದು ಜೋಡಿ ಗ್ವಿಲಿಮ್ ಎಂದೇ.

"ಮೆನ್ನಾ ಬರ್ಲಿಲ್ವಾ?" ಎಂದ ಇಡ್ವಾಲ್.

"ಅವಳ್ನ ಯಾಕೆ ನಡೆಸೋದು ಅಂತ ನಾನೇ ಬಂದೆ," ಎಂದಳು ನೆಸ್ತಾ, ಕತ್ತು ಉದ್ದ ಮಾಡಿ. "ಬಾಗಿಲು ಪೂರ್ತಿ ತೆಗಿಯೋ. ಒಳಗೆ ಬಂದು ಒಂದು ಟೀ ಕಾಸ್ಕೊಡ್ತೀನಿ."

"ಬೇಡ ಬೇಡ. ಇಲಿ ಪಾಷಾಣ ಹಾಕಿದೀವಿ, ನೆಲದ ತುಂಬ."

"ಮತ್ತೆ ನೀನು?"

"ನಾನು ತಿನ್ನಲ್ವಲ್ಲ."

ಗ್ವಿಲಿಮ್ ತಲೆ ತೂರಿಸಿದ. "ಇಡ್ವಾಲ್, ನನ್ನ ಟಗರು ನೋಡಿದ್ಯಾ, ಟಗರು ನೋಡಿದ್ಯಾ? ಕೊಂಬಿಗೆ ಕಪ್ಪು ಬಟ್ಟೆ ಕಟ್ಕೊಂಡು ತಿರುಗ್ತಿದೆ. ಯಾರೋ ಸತ್ತಿದಾರೆ, ಯಾರೋ ಸತ್ತಿದಾರೆ."

"ಟಗರು ಸೂತಕ ಆಚರ್ಸೋದು ಇದೇ ಮೊದ್ಲು ಕೇಳ್ತಿರೋದು," ಎಂದಳು ನೆಸ್ತಾ. ಅವಳ ಕಣ್ಣು ಬಾಗಿಲಿನ ಕೆಳಗರ್ಧವನ್ನು ಕೊರೆಯುತ್ತಿತ್ತು. "ಯಾಕೋ ಇಡ್ವಾಲ್, ನಿನ್ನ ಮುಖ ಬೀಟ್‌ರೂಟ್ ಆಗಿದೆ? ಉಸಿರಾಡ್ತಿದೀಯೇನೋ?"

"ಆಡ್ತೀನಿ, ನೀವು ಹೋದ್ಮೇಲೆ," ಎಂದು ಮೂರು ಕೊಡೆಗಳನ್ನೂ ಒಳಗೆಳೆದುಕೊಂಡು ಇಡ್ವಾಲ್ ಬಾಗಿಲು ಮುಚ್ಚಿದ.

ಹಿಂತಿರುಗಿದರೆ ಮಿಸ್ ಫ್ಯಾರಿಂಗ್‌ಟನ್! ಗಡಿಯಾಚೆಯಿಂದ ಬಂದ ಹೊಸ ಮ್ಯಾನೇಜರು. ಊರಿನ ಹೆಸರನ್ನೇ ಇನ್ನೂ ಮೂರು ತುಂಡು ಮಾಡಿ ಹೇಳುತ್ತಿದ್ದವಳು. ಆಕೆ ಇಡ್ವಾಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಡ್ವಾಲ್ ಮನಸ್ಸಿನಲ್ಲೇ ರಾಜೀನಾಮೆ ಬರೆದ.

"ಮಿಸ್ಟರ್ ಜೋನ್ಸ್, ವೇಷ! ಎಂಥಾ ಒಳ್ಳೆ ಯೋಚನೆ! ಎಲ್ಲಿ ಸಿಕ್ತು ಇದು?"

"ಮನೇಲಿ... ಬಿದ್ದಿತ್ತು ಮೇಡಂ."

"ಎಷ್ಟು ನೈಜವಾಗಿದೆ! ಬನ್ನಿ ಬನ್ನಿ, ಬರ್ಮಿಂಗ್‌ಹ್ಯಾಮಿನಿಂದ ಒಂದು ಬಸ್ಸು ಜನ ಬಂದಿದಾರೆ. ಮಹಡಿಯಿಂದ ಶುರು ಮಾಡೋಣ."

ಪರವೂರಿನವರ ಗುಂಪು ಗಾಜಿನ ಪೆಟ್ಟಿಗೆಯ ಸುತ್ತ ನಿಂತಿತು. ಮಿಸ್ ಫ್ಯಾರಿಂಗ್‌ಟನ್ ಫಲಕ ನೋಡಿ ಗಂಭೀರವಾಗಿ ಓದಿದಳು: "ಮದುವೆಯ ದಿನ ಧರಿಸಿದ ಉಡುಪು." ಆಮೇಲೆ ಪೆಟ್ಟಿಗೆಯೊಳಗೆ ನೋಡಿದಳು. ಮತ್ತೆ ಫಲಕ ನೋಡಿದಳು. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಕುಲದವಳಲ್ಲ ಆಕೆ. "ಇದರ ಇತಿಹಾಸ ಮಿಸ್ಟರ್ ಜೋನ್ಸ್ ಹೇಳ್ತಾರೆ," ಎಂದುಬಿಟ್ಟಳು.

ದಪ್ಪ ಕನ್ನಡಕದ ಒಬ್ಬ ಅಜ್ಜಿ ಗಾಜಿಗೆ ಮೂಗು ಒತ್ತಿದಳು. "ಹಿಂದುಗಡೆ ಪೂರ್ತಿ ಇಲ್ವಲ್ಲಪ್ಪಾ?"

"ಕಡೇ ಗಳಿಗೇಲಿ ಓಡಿಹೋಗೋಕೆ ನೋಡಿದ್ರಮ್ಮ ಧಣಿಗಳು," ಎಂದ ಇಡ್ವಾಲ್. "ಮಾವನ ಮನೆಯವರು ಹಿಡ್ಕೊಂಡ್ರು. ಬಟ್ಟೆ ಅವರ ಕೈಲಿ ಉಳೀತು."

ಗುಂಪಿನ ಗಂಡಸರೆಲ್ಲ ಅನುಕಂಪದಿಂದ ತಲೆಯಾಡಿಸಿದರು.

"ಮುಂದುಗಡೆ ಜಿಪ್ ಇದೆ," ಎಂದಳು ಅಜ್ಜಿ, ಬಿಡದೆ. "ಆ ಕಾಲದಲ್ಲಿ ಜಿಪ್ ಇತ್ತಾ?"

"ಬಡವರಿಗಿರ್ಲಿಲ್ಲ," ಎಂದ ಇಡ್ವಾಲ್.

ಮಿಸ್ ಫ್ಯಾರಿಂಗ್‌ಟನ್ ಅದನ್ನು ಮುಂದಿನ ಸಲಕ್ಕೆಂದು ನೆನಪಿಟ್ಟುಕೊಂಡಂತೆ ಕಂಡಿತು. ಹೊರಗೆ ಪ್ಲಾಸಿನ ಕೆರೆಯ ದಂಡೆಯಲ್ಲಿ ಊರ ಪಾದ್ರಿಗಳು ಬಾಗಿಲು ತೆರೆಯುವ ದಿನದ ಪ್ರಾರ್ಥನೆ ಶುರು ಮಾಡಿದ್ದರು; ಊರವರೆಲ್ಲ ಅಲ್ಲಿದ್ದರು. ಬಿಸಿಲಿದ್ದದ್ದು ಹೋಗಿ ಮಳೆ ಹುಯ್ಯತೊಡಗಿತು. ಇಡ್ವಾಲ್ ಒಂದು ಕಿಟಕಿಯಿಂದಲೂ ಇಣುಕದೆ, ಪರದೆಯಿಂದ ಪರದೆಗೆ ದಾಟುತ್ತ, ಬೆಳ್ಳಿ ಗುಂಡಿಗಳು ಒಂದೊಂದೇ ಕಿತ್ತು ನೆಲದ ಮೇಲೆ ಉರುಳುವಾಗ ಅವನ್ನು ಬೂಟಿನಡಿ ಮುಚ್ಚುತ್ತ, ಇಡೀ ಮಧ್ಯಾಹ್ನ ಕಳೆದ.

ಬಸ್ಸಿನ ಜನ ಹೋದ ಮೇಲೆ ಹಿಂಬಾಗಿಲಿನಿಂದ ಮೆನ್ನಾ ಬಂದಾಗ ಅವಳ ಕೈಯಲ್ಲಿ ಕೇಕಿನ ಡಬ್ಬಿಯಿತ್ತು. ಒಳಗೆ ಹಳೇ ಪ್ಯಾಂಟು.

"ಗೊತ್ತಾಯ್ತಾ ನಿಂಗೆ?"

"ಹುಟ್ಟಿದಾಗಿಂದ ಕೊಡೆ ಹಿಡೀದ ಗಂಡಸು ಬಿಸಿಲಲ್ಲಿ ಕೊಡೆ ಕೇಳ್ತಾನೆ. ಟಗರಿನ ಕೊಂಬಲ್ಲಿ ನಾನು ಹಾಕಿದ ಹೊಲಿಗೆ ಕಾಣುತ್ತೆ. ಇನ್ನೇನು ಗೊತ್ತಾಗ್ಬೇಕು?" ಎಂದು ಮೆನ್ನಾ ಜೇಬಿನಿಂದ ಆ ಕಪ್ಪು ಬಟ್ಟೆ ತೆಗೆದು ತೋರಿಸಿದಳು. "ಒಂದು ತುಂಡು ಬ್ರೆಡ್ಡು ಕೊಟ್ಟು ಬಿಡಿಸ್ಕೊಂಡೆ. ಟಗರಿಗೆ ನಿನಗಿಂತ ಬುದ್ಧಿಯಿದೆ. ತೊಡು ಬೇಗ."

"ಯಾರಿಗಾದ್ರೂ ಹೇಳಿದ್ಯಾ?"

"ಹೇಳ್ತೀನಾ? ನಿಂಗಂಟಿದ್ರೆ ನಂಗೂ ಅಂಟುತ್ತಲ್ಲೋ, ಮೊಮ್ಮಗಂಗೂ ಅಂಟುತ್ತೆ. ಬಾಯಿ ಮುಚ್ಕೊಂಡಿರು, ಅಷ್ಟು ಮಾಡು ಸಾಕು."

ಚಲ್ಲಣ ಗುಂಡಿ ಸಮೇತ ಗಾಜಿನ ಪೆಟ್ಟಿಗೆಗೆ ವಾಪಸಾಯಿತು; ಹರಿದ ಪ್ಯಾಂಟು ಹಿತ್ತಿಲ ಗೊಬ್ಬರದ ಗುಂಡಿಗೆ ಹೋಯಿತು. ಸಂಜೆ ಇಡ್ವಾಲ್ ಊರ ದೊಡ್ಡ ರಸ್ತೆಯಲ್ಲಿ, ಸಭ್ಯವಾದ ಕಂದು ಪ್ಯಾಂಟಿನಲ್ಲಿ, ಎದೆ ಸೆಟೆಸಿಕೊಂಡು ಚಾಪೆಲ್ಲಿನ ಟೀಗೆ ನಡೆದ. ಯಾರೂ ನೋಡಿಲ್ಲ, ಯಾರಿಗೂ ಗೊತ್ತಿಲ್ಲ. ಪ್ಲಾಸ್ ಇಡ್ವಾಲ್, ಪ್ಲಾಸ್ ಇಡ್ವಾಲ್ ಎಂದು ಅವನ ಹೆಜ್ಜೆಗಳೇ ಹೇಳುತ್ತಿದ್ದವು.

ಬಾಗಿಲಲ್ಲೇ ನಗೆಯ ಅಲೆ ಬಂದು ಬಡಿಯಿತು. ಹೆಣದ ಜೋನ್ಸ್ ಮೇಜು ಹಿಡಿದುಕೊಂಡು ನಗುತ್ತಿದ್ದ. ಅವನು ನಕ್ಕದ್ದನ್ನು ಊರು ಕಂಡಿರಲೇ ಇಲ್ಲ. ಇಡ್ವಾಲ್ ಕಾಲಿಟ್ಟ ಕೂಡಲೇ ಎಲ್ಲರೂ ಅವನ ಕಡೆ ತಿರುಗಿದರು.

"ಬಂದ್ಯಾ ಬಾ!" ಎಂದಳು ನೆಸ್ತಾ, ಕಣ್ಣೊರೆಸಿಕೊಳ್ಳುತ್ತ. "ಪ್ಲಾಸಲ್ಲೇ ಇದ್ದವನು, ನಿಂಗೆ ಹೇಳೋದೇನಿದೆ! ಹೊಟ್ಟೆ ಹುಣ್ಣಾಯ್ತು ಕಣೋ."

"ಹೆಸರೂ ಇಟ್ಟಾಯ್ತು, ಹೆಸರೂ ಇಟ್ಟಾಯ್ತು!" ಎಂದ ಜೋಡಿ ಗ್ವಿಲಿಮ್.

ಇಡ್ವಾಲ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಳಗಿನ ಬಾಗಿಲಲ್ಲಿ ಬಿಸಿನೀರಿನ ಕೆಟಲು ಹಿಡಿದು ಬಂದ ಮೆನ್ನಾ ಅವನ ಮುಖ ನೋಡಿದ್ದೇ ಕಣ್ಣು ದೊಡ್ಡದು ಮಾಡಿ ತಲೆ ಅಲ್ಲಾಡಿಸತೊಡಗಿದಳು. ಪಾಪ, ಅವಳಿಗೂ ಗೊತ್ತಾಗಿಹೋಗಿದೆ, ಏನಾದರೂ ಮಾಡು ಎನ್ನುತ್ತಿದ್ದಾಳೆ ಎಂದುಕೊಂಡ ಇಡ್ವಾಲ್. ಊರು ತಾನೇ ಕತೆ ಕಟ್ಟಿದರೆ ಇನ್ನೆಷ್ಟು ಬಾಲ ಬೆಳೆಯುತ್ತದೋ. ಇದ್ದದ್ದು ಇದ್ದಹಾಗೆ ತಾನೇ ಹೇಳಿದರೆ ಕರುಣೆಯಾದರೂ ಹುಟ್ಟೀತು. ಅವನು ಬೆಂಚು ಹತ್ತಿ ನಿಂತ.

"ನೋಡ್ರಪ್ಪಾ, ಆಗಿದ್ದು ಆಗೋಯ್ತು. ಆದ್ರೆ ನನ್ನ ಮಾತೂ ಒಂದಿಷ್ಟು ಕೇಳಿ. ಗ್ವಿಲಿಮ್, ಆ ಟಗರು ನಿಂದು. ಅದು ಹಿಂದಿಂದ ಬಂದು ಗುದ್ದಿದ್ರೆ ಪ್ಯಾಂಟು ಹರೀದೆ ಇನ್ನೇನಾಗುತ್ತೆ? ಅರೆಬತ್ತಲೆ ಜನರ ಮುಂದೆ ನಿಲ್ಲೋಕಾಗುತ್ತಾ? ಅದಕ್ಕೇ ಆ ಸತ್ತ ಧಣಿಯ ಮಖಮಲ್ ಚಲ್ಲಣ ಹಾಕ್ಕೊಂಡೆ. ನನ್ನ ಪ್ಯಾಂಟು ಗಾಜಿನ ಪೆಟ್ಟಿಗೇಲಿ ಇಟ್ಟಿದ್ದು ತಪ್ಪೇ. ಬರ್ಮಿಂಗ್‌ಹ್ಯಾಮಿನವರಿಗೆ ಅದೇ ಮದುವೆ ಬಟ್ಟೆ ಅಂತ ಹೇಳಿದ್ದೂ ತಪ್ಪೇ. ಚಲ್ಲಣದ ಗುಂಡಿ ಕಿತ್ತೋಗಿದ್ದು ಮಾತ್ರ ನನ್ನ ತಪ್ಪಲ್ಲ, ಆ ಧಣಿಗೆ ಹೊಟ್ಟೇನೇ ಇರ್ಲಿಲ್ಲ! ಇಷ್ಟಕ್ಕೇ ಹೆಸರಿಡ್ತೀರಾ? ಮೊಮ್ಮಗ ಹುಟ್ಟಿ ಇನ್ನೂ ಒಂದು ವಾರ ಅಷ್ಟೇ."

ಮೆನ್ನಾ ಕೆಟಲನ್ನು ಮೆಲ್ಲನೆ ಕೆಳಗಿಟ್ಟು ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

"ಇಡ್ವಾಲ್ ಬಾಚ್," ಎಂದಳು ನೆಸ್ತಾ, ಹಬ್ಬದೂಟ ಕಂಡವಳ ದನಿಯಲ್ಲಿ, "ನಾವು ನಗ್ತಿದ್ದಿದ್ದು ಪಾದ್ರಿಗಳಿಗೆ."

ಆಗ ಇಡ್ವಾಲನಿಗೆ ಮೂಲೆಯಲ್ಲಿ ಕೂತಿದ್ದ ಪಾದ್ರಿ ಎಲಾಯಸ್ ಪ್ಯೂ ಕಂಡರು. ಅವರ ಮುಂದೆ ಮುಟ್ಟದ ಟೀ, ಮುಖ ತಿಥಿಯದು. ಮಧ್ಯಾಹ್ನ ಕೆರೆಯ ದಂಡೆಯ ದೇವದಾರು ಮರದಡಿ ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಹಿಡಿದಿದ್ದರಂತೆ. ಮಳೆ ಬಂತು. ಮರದಡಿ ನಿಂತ ಪಾದ್ರಿಗಳಿಗೆ ಹನಿ ತಾಗಲಿಲ್ಲ, ಪ್ರಾರ್ಥನೆಯೂ ಮುಗಿಯಲಿಲ್ಲ. ಊರವರು ಒಬ್ಬೊಬ್ಬರೇ ಕಾಲ್ಕಿತ್ತರು. ಕೊನೆಗೆ ಆಮೆನ್ ಎಂದು ಕಣ್ಣು ಬಿಟ್ಟರೆ ಎದುರಿಗೆ ಇದ್ದದ್ದು, ಒಂಟಿ ಕಾಲಲ್ಲಿ ತಲೆ ಬಾಗಿಸಿ ಭಕ್ತಿಯಿಂದ ನಿಂತ ಒಂದು ಕೊಕ್ಕರೆ. ಪಾದ್ರಿಗಳು ಅಭ್ಯಾಸಬಲದಿಂದ ಅದಕ್ಕೇ ಆಶೀರ್ವಾದ ಮಾಡಿದರಂತೆ. ದಂಡೆಯಾಚೆಯ ದೋಣಿಮನೆಯ ಕಿಟಕಿಯಿಂದ ಊರೇ ನೋಡುತ್ತಿತ್ತು.

"ಕೊಕ್ಕರೆ ಪ್ಯೂ ಅಂತ ಇನ್ನೇನು ಗಟ್ಟಿ ಮಾಡೋದ್ರಲ್ಲಿದ್ವಿ," ಎಂದಳು ನೆಸ್ತಾ. "ಆದ್ರೆ ನೀನು ಹೇಳಿದ್ಮೇಲೆ..."

"ಕೊಕ್ಕರೆ ಯಾವ ಲೆಕ್ಕ, ಯಾವ ಲೆಕ್ಕ!" ಎಂದ ಗ್ವಿಲಿಮ್.

ಚಾವಣಿ ಹಾರಿಹೋಗುವ ಹಾಗೆ ಕೋಣೆ ನಕ್ಕಿತು. ಹೆಣದ ಜೋನ್ಸ್ ಈ ಸಲ ಮೇಜು ಬಿಟ್ಟು ನೆಲ ಹಿಡಿದ. ಯಾರೋ ಆ ಗುಂಡಿಯ ವಿಷಯ ಇನ್ನೊಂದು ಸಲ ಹೇಳು ಎಂದರು, ಇನ್ಯಾರೋ ಜಿಪ್ಪಿನ ವಿಷಯವೂ ಇರಬೇಕು, ಬಿಟ್ಟಿದ್ದಾನೆ ಎಂದರು.

ಪಾದ್ರಿ ಪ್ಯೂ ನಿಧಾನವಾಗಿ ಎದ್ದರು. ಕೆನ್ನೆಗೆ ರಕ್ತ ವಾಪಸು ಬಂದಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬೆಂಚಿನ ಮೇಲೆ ಕಂಬದ ಹಾಗೆ ನಿಂತಿದ್ದ ಇಡ್ವಾಲನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಮೂವತ್ತು ವರ್ಷದ ಉಪದೇಶದಲ್ಲಿ ಊರು ಅಂಥದ್ದನ್ನು ಕಂಡಿರಲಿಲ್ಲ.

"ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಪ್ಪಾ," ಎಂದರು ಅವರು, ಇಡೀ ಕೋಣೆಗೆ ಕೇಳುವ ಹಾಗೆ, "ನಿನ್ನನ್ನೂ, ನಿನ್ನ ಮಕ್ಕಳನ್ನೂ, ಮೊಮ್ಮಕ್ಕಳನ್ನೂ, ಚಲ್ಲಣದ ಇಡ್ವಾಲ್."