ಒಂದು ಮುಷ್ಟಿ ಶೇಂಗಾ ಮತ್ತು ನನ್ನ ಹಾಜರಿ ಪಟ್ಟಿ

ಮರೆವಿಗೆ ನಾನು ಹೆದರಿದವನಲ್ಲ. ಮರೆತದ್ದು ನಾಲ್ಕು ಜನರಿಗೆ ಗೊತ್ತಾದೀತೆಂದು ಮಾತ್ರ ಹೆದರುತ್ತಿದ್ದೆ. ಕೊನೆಗೆ ಅದೂ ಆಗಿಹೋಯಿತು. ನಮ್ಮೂರ ಶಾಲೆಯಲ್ಲಿ ಇಡೀ ಆಯುಷ್ಯ ಗಣಿತ ಕಲಿಸಿ ನಿವೃತ್ತನಾದ ದಿನ, ಶಾಲು ಹೊದ್ದು ಮೈಕಿನ ಮುಂದೆ ನಿಂತು, "ಇದಕ್ಕೆಲ್ಲ ಕಾರಣಳಾದ ನನ್ನ ಧರ್ಮಪತ್ನಿ ಶ್ರೀಮತಿ..." ಎಂದವನು ಅಲ್ಲೇ ನಿಂತುಬಿಟ್ಟೆ. ಹೆಸರು ಬರಲೇ ಇಲ್ಲ. ಮುಂದಿನ ಸಾಲಿನಿಂದ ಆಕೆಯೇ, "ಶಾಂತಾ ಅನ್ರಿ" ಎಂದಳು. ಸಭೆಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಒಳಗೊಳಗೆ ಮಾತ್ರ ನಮ್ಮ ಅಣ್ಣ ನೆನಪಾಗಿದ್ದ. ಅವನಿಗೂ ಹೀಗೆಯೇ ಶುರುವಾಗಿ, ಕೊನೆಕೊನೆಗೆ ನನ್ನನ್ನೇ "ಯಾವೂರ್ರೀ ನಿಮ್ದು?" ಎಂದು ಕೇಳುತ್ತಿದ್ದ.

ಶಾಂತಾ ಮರುದಿನವೇ ನನ್ನನ್ನು ನವಲಗುಂದದ ಬಸ್ಸು ಹತ್ತಿಸಿದಳು. ಅಲ್ಲಿಯ ಡಾಕ್ಟರು ಪರೀಕ್ಷಿಸಿ, "ಈಗೇನೂ ಕಾಣ್ಸೂದಿಲ್ರಿ ಸರ್. ದಿನಾ ಚುರುಕಾಗಿ ನಡೀರಿ. ಒಂದು ಮುಷ್ಟಿ ಬಾದಾಮಿ, ಅಕ್ರೋಡ ತಿನ್ರಿ. ಶೇಂಗಾ ಆದ್ರೂ ನಡೀತದ. ವಯಸ್ಸಂತೂ ಆಗೇ ಆಗ್ತದ, ಮಿದುಳು ಚಲೋ ಇರಾಕ ಇವು ಸಹಾಯ ಮಾಡಬಹುದು. ಗ್ಯಾರಂಟಿ ಏನೂ ಕೊಡಂಗಿಲ್ಲ ಮತ್ತ" ಎಂದರು.

ಹಾಗೆ ನನ್ನ ಬೆಳಗಿನ ನಡಿಗೆ ಆರಂಭವಾಯಿತು. ನಡಿಗೆ ಎಂದರೆ, ಕಿಸೆಯಲ್ಲಿ ಬಾದಾಮಿ ಹಾಕಿಕೊಂಡು ಹೊಲದ ದಾರಿ ಹಿಡಿಯುವುದು, ಮೊದಲ ಬದು ಸಿಕ್ಕಲ್ಲಿ ಕೂತು ಬಾದಾಮಿ ತಿನ್ನುವುದು. ಕಪ್ಪು ಮಣ್ಣಿನ ಎರಿಹೊಲದ ಮೇಲೆ ಮಂಜು ತೆಳ್ಳಗೆ ಹಾಸಿಕೊಂಡಿರುತ್ತಿತ್ತು. ಕಡಲೆ ಗಿಡಗಳ ಮೇಲಿನ ಇಬ್ಬನಿಗೆ ಹುಳಿವಾಸನೆ. ದೂರದಲ್ಲಿ ಟ್ರ್ಯಾಕ್ಟರೊಂದು ನಿದ್ದೆಯಲ್ಲಿ ಗೊಣಗಿದಂತೆ ಗುರುಗುಡುತ್ತಿತ್ತು. ಇಷ್ಟು ಸುಖವಾಗಿ ಮಿದುಳು ಸುಧಾರಿಸುವುದಾದರೆ ಇನ್ನಷ್ಟು ಬೇಗ ಮರೆಯಬೇಕಿತ್ತು ಅನ್ನಿಸುತ್ತಿತ್ತು.

"ಸರ್, ಅಡ್ಡ್ಯಾಡಾಕ ಬಂದೀರೋ, ಕುಂದ್ರಾಕ ಬಂದೀರೋ?"

ಗಂಗವ್ವ. ಎಂಬತ್ತರ ಹತ್ತಿರದ ಮುದುಕಿ, ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ನಾಚಿಕೊಂಡೇ ಒಪ್ಪಿಸಿದೆ. ಆಕೆ ಉಡಿಯಿಂದ ಒಂದು ಮುಷ್ಟಿ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಸುರಿದು, "ಏಳ್ರಿ ಮ್ಯಾಲ. ನನ್ನ ಜೋಡಿ ಸಾಲು ಹಿಡೀರಿ" ಎಂದಳು.

ಶೇಂಗಾ ಅಗಿಯುತ್ತ ಸಾಲಿನಲ್ಲಿ ನಡೆದೆ. ಆ ಉದ್ದನೆಯ ಸಾಲುಗಳು ನೋಡನೋಡುತ್ತ ಬೆಂಚುಗಳಂತೆ ಕಾಣತೊಡಗಿದವು. ಬಾಯಿ ತಾನೇ ತೆರೆದುಕೊಂಡು ನನ್ನ ಮೊದಲ ವರ್ಷದ ಹಾಜರಿ ಪಟ್ಟಿ ಹೇಳಲಾರಂಭಿಸಿತು: "ಅಡಿವೆಪ್ಪ... ಬಸವಣ್ಣೆವ್ವ... ಮೌಲಾಸಾಬ..." ಒಂದೊಂದು ಹೆಸರಿಗೂ ಮಂಜಿನಿಂದ ಒಂದೊಂದು ಮುಖ ಎದ್ದು "ಹಾಜರ್ ಸರ್" ಎನ್ನುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ನಾನಿನ್ನೂ ಪೂರ್ತಿ ಖಾಲಿಯಾಗಿಲ್ಲ! ರೇಣುಕಾ ಎಂಬ ಹೆಸರಿಗೆ ಬಂದಾಗ ಮಾತ್ರ ನಾಲಿಗೆ ತಡವರಿಸಿತು.

"ಯಾಕ ನಿಂತ್ರಿ?" ಎಂದಳು ಗಂಗವ್ವ. "ನನ್ನ ಮಗಳ ಹೆಸರು ಅದು."

ರೇಣುಕಾ ದಿನಾ ತಡವಾಗಿ ಬರುತ್ತಿದ್ದಳು. ಕೈಯಲ್ಲಿ ಎರಿಮಣ್ಣು ಹಾಗೆಯೇ ಇರುತ್ತಿತ್ತು. ನಾನು ಕಾರಣ ಕೇಳದೆ ವರ್ಷವಿಡೀ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಇದನ್ನು ನಾನು ಮರೆತದ್ದು ವಯಸ್ಸಿನಿಂದಲ್ಲ, ಅನುಕೂಲಕ್ಕೆ.

"ತಪ್ಪಾತು ಗಂಗವ್ವ" ಎಂದೆ.

"ಆಕೀನೂ ಈಗ ಟೀಚರ್ ಅದಾಳ್ರಿ, ಕುಂದಗೋಳ ಕಡೆ. ನಿಮ್ಮ ಹೆಸರು ಅಗದಿ ದಿನಾ ತಗೀತಾಳ್ರಿ."

ನಾನು ಹಿಗ್ಗಿಹೋದೆ. "ಏನಂತಾಳ?"

"ಏನಾದ್ರೂ ಆಗ್ಲಿ ಯವ್ವಾ, ಆ ಸರ್ ಹಂಗ ಮಾತ್ರ ಆಗಬಾರದು, ಅಂತಾಳ್ರಿ."

ಹೇಳಿದವಳೇ ಬೊಚ್ಚುಬಾಯಿ ಬಿಟ್ಟು ನಕ್ಕು, ನನಗೆ ಇನ್ನೊಂದು ಮುಷ್ಟಿ ಶೇಂಗಾ ಕೊಟ್ಟಳು. ಅದನ್ನೂ ತಿಂದೆ. ಸಾಲು ಮುಗಿಯುವವರೆಗೆ ತಲೆ ಎತ್ತದೆ ಕಳೆ ಕಿತ್ತೆ.

ಮನೆಗೆ ಬಂದಾಗ ಶಾಂತಾ ಬಾಗಿಲಲ್ಲೇ ಕಾಯುತ್ತಿದ್ದಳು. "ಗಂಗವ್ವನ ಜೋಡಿ ಬಾಳ ಹೊತ್ತು ಮಾತಾಡಿದ್ರಂತ, ಏನಂದ್ಳು?"

"ಒಂದೂ ನೆನಪಿಲ್ಲ" ಎಂದೆ.

ಪಾಪ, ಆಕೆ ಗಾಬರಿಯಾಗಿ ಮರುದಿನದಿಂದಲೇ ಬಾದಾಮಿಯನ್ನು ಎರಡು ಮುಷ್ಟಿ ಮಾಡಿದ್ದಾಳೆ.