ಮಾಬ್ಲನ ಏಳು ಕೂದಲು

"ಇನ್ನು ಮೂರೇ ತಿಂಗಳು ಶುಕ್ರಣ್ಣ! ಈ ತಲೆ ಮೇಲೆ ಕೂದಲಿನ ಕಾಡು ಬೆಳೆಸದೇ ಇದ್ರೆ, ಕಂಡಕ್ಟರ್ ಕೆಲಸ ಬಿಟ್ಟು ಬಲೆ ಹೆಣೂಕೆ ಕೂತ್ಕಣ್ತೆ!"

ಎಪ್ಪತ್ತೆಂಟನೇ ಇಸವಿಯ ಶ್ರಾವಣದ ಒಂದು ಬೆಳಿಗ್ಗೆ, ಭಟ್ಕಳದ ಬಸ್ ನಿಲ್ದಾಣದಲ್ಲಿ, ಕಾಸರಕೋಡಿನ ಮಾಬ್ಲ ಹೀಗೊಂದು ಘೋರ ಪ್ರತಿಜ್ಞೆ ಮಾಡಿದ. ಡ್ರೈವರ್ ಶುಕ್ರಣ್ಣ ಬಾಯೊಳಗಿನ ಎಲೆ-ಅಡಿಕೆಯ ಕವಳ ಉಗಿದು ಬಂದು, ಪ್ರತಿಜ್ಞೆಗೆ ಕಾರಣವಾದ ತಲೆಯನ್ನು ನಿಧಾನವಾಗಿ ಪರಿಶೀಲಿಸಿದ. ಎರಡು ಕಿವಿಗಳ ಮೇಲೆ ಎರಡು ಪೊದೆ. ನಡುವೆ ನುಣ್ಣನೆಯ ಬಯಲು. ಎಡಗಿವಿಯ ಪೊದೆಯಿಂದ ಹದಿನೆಂಟು ಎಳೆಗಳನ್ನು ಉದ್ದ ಬಿಟ್ಟು, ಎಣ್ಣೆ ಹಚ್ಚಿ, ಬಯಲಿನ ಮೇಲೆ ಹಾಯಿಸಿ ಬಲಗಿವಿಗೆ ಮುಟ್ಟಿಸಿದ್ದ. ಗಾಳಿ ಬೀಸಿದರೆ ಆ ರಸ್ತೆಯೂ ಬಂದ್!

"ಬಲೆ ಹೆಣೂಕೆ ಬತ್ತದನಾ ನಿಂಗೆ?" ಎಂದಷ್ಟೇ ಕೇಳಿದ ಶುಕ್ರಣ್ಣ.

ಪಾಪ, ಮಾಬ್ಲ ಸುಮ್ಮನೆ ಹೀಗೆ ಹಾರಾಡಿದ್ದಲ್ಲ. ವಯಸ್ಸು ಮೂವತ್ತೊಂದು, ಸರ್ಕಾರಿ ಬಸ್ಸಿನ ಖಾಯಂ ನೌಕರಿ, ಮನೆಯಲ್ಲಿ ತಾಯಿ ಈರಮ್ಮ ಒಬ್ಬಳೇ. ಆದರೂ ಎರಡು ಸಂಬಂಧ ತಪ್ಪಿ ಹೋಗಿದ್ದವು. ಎರಡನೆಯ ಮನೆಯಲ್ಲಂತೂ ಹುಡುಗಿಯ ಅಜ್ಜಿ ಇವನಿಗೆ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, "ಹುಡುಗನ ಅಪ್ಪ ಬಂದದ್ದು ಸಂತೋಷ ಆತು. ಹುಡುಗ ಎಲ್ಲಿ, ಹಿಂದಿನ ಬಸ್ಸಿಗೆ ಬತ್ನ?" ಎಂದು ಕೇಳಿಬಿಟ್ಟಿದ್ದಳು! ಈಗ ಮೂರನೆಯದು. ತೆಂಗಿನಗುಂಡಿಯ ದೋಣಿ ಯಜಮಾನ ದಾಸ, ತನ್ನ ಮಗಳು ದೇವಿಗಾಗಿ, "ದೀಪಾವಳಿ ಕಳೆದ ಮೇಲೆ ಹುಡುಗನ್ನ ನೋಡೂಕೆ ಬತ್ತೆ" ಎಂದು ಹೇಳಿಕಳಿಸಿದ್ದ. ಇದೂ ತಪ್ಪಿದರೆ ಮುಂದೆ ಹೆಣ್ಣು ಕೊಡುವವರು ಯಾರೂ ಇರಲಿಲ್ಲ.

ಮಾಬ್ಲ ಮೊದಲು ಭಟ್ಕಳದ ಹಕೀಮರ ಹತ್ತಿರ ಹೋದ. ಅವರು ನಾಡಿ ಹಿಡಿದು, "ತಲೆ ತಣ್ಣಗಾಗಿ ಬೇರು ಸತ್ತಿದೆ. ಮೈಗೆ ಉಷ್ಣ ಬೇಕು. ಮೀನು ತಿನ್ನು, ಮೊಟ್ಟೆ ತಿನ್ನು, ಬಾದಾಮಿ ತಿನ್ನು. ಮಜ್ಜಿಗೆಯ ಮುಖ ನೋಡಬೇಡ" ಎಂದು ಕಪ್ಪು ಎಣ್ಣೆಯ ಬಾಟ್ಲಿ ಕೊಟ್ಟರು.

ಕುಮಟೆಯ ಪಂಡಿತರೂ ಅದೇ ನಾಡಿ ಹಿಡಿದರು. "ಅಯ್ಯಯ್ಯೋ, ಉಷ್ಣಕ್ಕೇ ಬೇರು ಸುಟ್ಟು ಹೋಗಿದೆ! ಮೀನು, ಮೊಟ್ಟೆ ಬಂದ್. ದಿನಕ್ಕೆ ಮೂರು ಲೋಟ ಮಜ್ಜಿಗೆ. ದಾಸವಾಳದ ಸೊಪ್ಪು ಅರೆದು ತಲೆಗೆ ಹಾಕು" ಎಂದು ಹಸಿರು ಎಣ್ಣೆ ಕೊಟ್ಟರು.

ಒಂದೇ ತಲೆ ಒಬ್ಬರಿಗೆ ತಣ್ಣಗೆ, ಇನ್ನೊಬ್ಬರಿಗೆ ಬಿಸಿ! ತಲೆಬುಡ ಅರ್ಥವಾಗದೆ ಮಾಬ್ಲ ಹೊನ್ನಾವರದ ಔಷಧಿ ಅಂಗಡಿಯ ಕಂಪೌಂಡರನ ಮುಂದೆ ನಿಂತ. ಅವನು ಕನ್ನಡಕ ಏರಿಸಿ, "ಎರಡೂ ಸುಳ್ಳು. ಇದು ವಿಟಮಿನ್ ಕಮ್ಮಿಯಾದದ್ದು. ಏನು ಬೇಕಾದರೂ ತಿನ್ನು, ಊಟದ ಜೊತೆ ಈ ಮೀನೆಣ್ಣೆ ಗುಳಿಗೆ ನುಂಗು. ತಲೆಗೆ ಮಾತ್ರ ಒಂದು ಹನಿ ಎಣ್ಣೆ ಹಚ್ಚಿದೆಯೋ, ನಾನು ಜವಾಬ್ದಾರ ಅಲ್ಲ!" ಎಂದ.

ಬೇರೆ ಯಾರಾದರೂ ಆಗಿದ್ದರೆ ಒಬ್ಬರನ್ನು ನಂಬಿ ಇಬ್ಬರನ್ನು ಬಿಡುತ್ತಿದ್ದರು. ಮಾಬ್ಲ ಕಂಡಕ್ಟರ್. ಯಾವ ನಿಲ್ದಾಣವನ್ನೂ ಬಿಟ್ಟು ಹೋಗುವ ಅಭ್ಯಾಸ ಇಲ್ಲ! ಒಂದು ರಾತ್ರಿ ಕೂತು ಯೋಚಿಸಿದ. ತನ್ನ ಬಸ್ಸು ಓಡುವುದು ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ. ತಾಲೂಕು ಮೂರು, ವೈದ್ಯರು ಮೂವರು. ಭಟ್ಕಳ ತಾಲೂಕಿನಲ್ಲಿ ಇರುವಷ್ಟು ಹೊತ್ತು ಹಕೀಮರ ರೋಗಿ, ಹೊನ್ನಾವರ ತಾಲೂಕಿನಲ್ಲಿ ಕಂಪೌಂಡರನ ರೋಗಿ, ಕುಮಟಾ ತಾಲೂಕು ಹೊಕ್ಕ ಕೂಡಲೇ ಪಂಡಿತರ ರೋಗಿ. ಯಾರಿಗೂ ಅನ್ಯಾಯ ಇಲ್ಲ!

ಮೂರು ಔಷಧಿ ಹೊತ್ತು ಮನೆಗೆ ಬಂದವನನ್ನು ಈರಮ್ಮ ಮೂಗು ಮುಚ್ಚಿಕೊಂಡು ನೋಡಿದಳು. ಒಂದು ರೂಪಾಯಿ ನಾಣ್ಯ ತೊಳೆದು, ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ, ದೇವರ ಪಟದ ಮೊಳೆಗೆ ತೂಗುಹಾಕಿದಳು.

"ಎಂತದಮ್ಮ ಅದು?"

"ನಿನ್ನ ಔಷಧಿ ನಿಂಗೆ, ನನ್ನ ಔಷಧಿ ನಂಗೆ. ಉಂಡು ಮಲಗು ತಮಾ."

ಮರುದಿನದಿಂದ ಶುರುವಾಯಿತು ನೋಡಿ ತಲೆಯ ಪ್ರವಾಸ! ಬೆಳಿಗ್ಗೆ ಭಟ್ಕಳದಲ್ಲಿ ಕಪ್ಪು ಎಣ್ಣೆ. ಮಂಕಿ ಬರುವಷ್ಟರಲ್ಲಿ ಅದನ್ನು ಒರೆಸಿ ಒಣಗಿಸಬೇಕು. ಹೊನ್ನಾವರದಲ್ಲಿ ಬುತ್ತಿ ಬಿಚ್ಚಿ, ಗುಳಿಗೆ ನುಂಗಿ, ಬೋಳುತಲೆಯನ್ನು ಹಾಗೇ ಬಿಸಿಲಿಗೆ ಹಿಡಿಯಬೇಕು. ಧಾರೇಶ್ವರ ಬಂದ ಕೂಡಲೇ ದಾಸವಾಳದ ಸೊಪ್ಪು ಮೆತ್ತಿ ಮೇಲೊಂದು ಟೊಪ್ಪಿ. ವಾಪಸು ಬರುವಾಗ ಎಲ್ಲ ಉಲ್ಟಾ. ಬಾಟ್ಲಿಗಳು ಟಿಕೇಟಿನ ಪೆಟ್ಟಿಗೆಯಲ್ಲೇ ಕುಣಿದು ಕುಣಿದು ಟಿಕೇಟೆಲ್ಲ ಜಿಡ್ಡಾದವು. ಒಂದು ದಿನ ಚೆಕ್ಕಿಂಗಿಗೆ ಬಂದ ಇನ್‌ಸ್ಪೆಕ್ಟರು ಒಂದು ಟಿಕೇಟನ್ನು ಎತ್ತಿ ಬೆಳಕಿಗೆ ಹಿಡಿದು, "ಏನ್ರೀ ಇದು, ಟಿಕೇಟೋ, ವಡೆ ಕಟ್ಟಿದ ಕಾಗದವೋ?" ಎಂದು ಗದರಿದರು. ಮಾಬ್ಲನಿಗೂ ತಲೆ ಕೆಟ್ಟುಹೋಗತೊಡಗಿತು. ಸೀಟಿ ಊದಬೇಕಾದಲ್ಲಿ ಗುಳಿಗೆ ಬಾಯಿಗೆ ಹಾಕಿದ. ಮಂಕಿಗೆ ಇಳಿಯುವವರಿಗೆ ಮುರ್ಡೇಶ್ವರದ ಟಿಕೇಟು ಕೊಟ್ಟ. ಬೈಸಿಕೊಂಡ.

ಆದರೂ ಈ ವ್ಯವಸ್ಥೆ ನಡೆಯುತ್ತಿತ್ತೇನೋ, ಬಸ್ಸು ಕೆಟ್ಟು ನಿಲ್ಲದಿದ್ದರೆ.

ಅಂದು ಹೊನ್ನಾವರದಲ್ಲಿ ಜನಜಂಗುಳಿ, ಊಟಕ್ಕೆ ಪುರಸೊತ್ತೇ ಆಗಲಿಲ್ಲ. ಹಳದೀಪುರ ದಾಟಿದ ಮೇಲೆ ಉಣ್ಣೋಣ ಎಂದು ಬುತ್ತಿ ಕೈಗೆತ್ತಿಕೊಂಡ. ಅದೇ ಗಳಿಗೆಗೆ ಇಂಜಿನ್ನು ಕೆಮ್ಮಿ, ನರಳಿ, ನಿಂತುಬಿಟ್ಟಿತು. ಬುತ್ತಿಯ ಮುಚ್ಚಳ ತೆಗೆದರೆ ಹುರಿದ ಬಂಗಡೆ ಎರಡು! ಬಸ್ಸಿಡೀ ಘಮ್ಮೆಂದಿತು. ಮಾಬ್ಲ ತುತ್ತು ಎತ್ತಿದವನು ಹಾಗೇ ತಡೆದು ಹೊರಗೆ ನೋಡಿದ.

"ಶುಕ್ರಣ್ಣ, ಇದು ಯಾವ ತಾಲೂಕು?"

"ಎಂತಕೆ ಮಾರಾಯ?"

"ಹೊನ್ನಾವರ ಆದ್ರೆ ತಿನ್ಲಕ್ಕು. ಕುಮಟೆ ಆದ್ರೆ ಪಂಡಿತರ ಪಥ್ಯ!"

ಜನರಿಗೆ ಬೇಕಾದದ್ದೇ ಅದು. ಮುಂದಿನ ಸೀಟಿನ ಮುದುಕರೊಬ್ಬರು, "ಆ ಮೋರಿ ಆಚೆಗೆ ಕುಮಟೆ" ಎಂದರು. ಇನ್ನೊಬ್ಬರು, "ಎಲ್ಲಿಂದ ಬಂತು ಮೋರಿ? ಈ ಗೋಳಿಮರದಿಂದಲೇ ಕುಮಟೆ" ಎಂದರು. ಜಗಳವೇ ಶುರುವಾಯಿತು. ಶುಕ್ರಣ್ಣ ಇಳಿದು ನೋಡಿ ತೀರ್ಪು ಕೊಟ್ಟ: "ಮುಂದಿನ ಗಾಲಿ ಕುಮಟೆಲಿ ಅದೆ, ಹಿಂದಿನ ಗಾಲಿ ಹೊನ್ನಾವರದಲ್ಲಿ ಅದೆ. ನೀ ಹಿಂದಿನ ಬಾಗಿಲಲ್ಲಿ ನಿಂತಿದ್ದೆ. ತಿನ್ನು!"

"ಹಾಗಲ್ಲ ಶುಕ್ರಣ್ಣ, ಬಸ್ಸು ಹೋಗ್ತಾ ಇದ್ದದ್ದು ಕುಮಟೆಗೆ..."

ಆಗ ಹೆಂಗಸರ ಸೀಟಿನಿಂದ ಒಂದು ಎಳೆಯ ದನಿ ಕೇಳಿಸಿತು: "ತಿನ್ನಿ ಕಂಡಕ್ಟ್ರೇ! ಬೋಳು ಎರಡೂ ತಾಲೂಕಿಗೆ ಒಂದೇ ಅಲ್ದಾ?"

ಬಸ್ಸೇ ಉರುಳುವಂತೆ ಜನ ನಕ್ಕರು. ಮಾಬ್ಲನ ಕೈ ತಲೆಗೆ ಹೋಯಿತು. ಟೊಪ್ಪಿ ಹಾಕುವ ಧಾರೇಶ್ವರ ಇನ್ನೂ ಬಂದಿರಲಿಲ್ಲ, ಹದಿನೆಂಟು ಎಳೆ ಕಿವಿಯ ಪಕ್ಕಕ್ಕೆ ಜೋತಾಡುತ್ತಿದ್ದವು! ಯಾರು ಹಾಗೆಂದದ್ದು ಎಂದು ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಬುತ್ತಿ ಮುಚ್ಚಿ, ಎರಡು ತಾಸು ಹಸಿದ ಹೊಟ್ಟೆಯಲ್ಲಿ ಗೋಳಿಮರದ ಬುಡದಲ್ಲಿ ಕೂತ. ಬಂಗಡೆ ಕೊನೆಗೆ ನಾಯಿಗೆ ಹೋಯಿತು.

ದೀಪಾವಳಿಗೆ ಒಂದು ವಾರ ಇತ್ತು. ಅಭ್ಯಂಜನಕ್ಕೆ ಈಗಲೇ ಅಭ್ಯಾಸವಾಗಲಿ ಎನ್ನುವಂತೆ ಈರಮ್ಮ ಅಂಗಳದ ಬಿಸಿಲಲ್ಲಿ ಮಗನ ತಲೆ ತಿಕ್ಕುತ್ತಿದ್ದವಳು ಒಮ್ಮೆಲೇ ಕೂಗಿದಳು.

"ತಮಾ! ಕೂದಲು!"

ಕನ್ನಡಿ ಬಂತು. ಬಯಲಿನ ನಟ್ಟನಡುವೆ ಒಂದು, ಎರಡು, ಮೂರು... ಏಳು! ಗದ್ದೆಯಲ್ಲಿ ತಪ್ಪಿ ಹುಟ್ಟಿದ ಸಸಿಯಂಥ ಏಳು ಕೂದಲು! ಮಾಬ್ಲನ ಕಣ್ಣಲ್ಲಿ ನೀರು ಬಂತು. ಕೂಡಲೇ ಹೊಸ ಗೊಂದಲವೂ ಬಂತು.

"ಅಮ್ಮ, ಇದ್ರಲ್ಲಿ ಹಕೀಮರದ್ದು ಯಾವುದು, ಪಂಡಿತರದ್ದು ಯಾವುದು?"

"ಯಾರದ್ದೂ ಅಲ್ಲ. ಏಳೂ ತಿರುಪತಿ ತಿಮ್ಮಪ್ಪಂದು!" ಈರಮ್ಮ ದೇವರ ಪಟದ ಕಡೆ ಕೈಮುಗಿದಳು. "ನನ್ನ ಮಗನ ತಲೆ ಮೇಲೆ ಒಂದೇ ಒಂದು ಕೂದಲು ಹುಟ್ಟಿದ್ರೂ ಮುಡಿ ಕೊಡಸ್ತೆ ಅಂತ ಹರಕೆ ಹೇಳ್ಕಂಡಿದ್ದೆ. ಅವ ಏಳು ಕೊಟ್ಟ. ನಾಳೆಯೇ ಹೊರಡು."

ಮಾಬ್ಲ ಕನ್ನಡಿ ಕೆಳಗಿಟ್ಟ. "ಅಮ್ಮಾ! ಕೂದಲು ಬೇಕು ಅಂತ ಹರಕೆ ಹೇಳಿ, ಬಂದ ಕೂದಲನ್ನೇ ಕೊಡೂದಾ? ಮದುವೆ ಆದ ಮೇಲೆ ಕೊಡ್ವ!"

"ದೇವರ ಹರಕೆ ಬಾಕಿ ಇಟ್ಕಂಡು ಶುಭಕಾರ್ಯಕ್ಕೆ ಕೈ ಹಾಕೂದಾ? ಬಾಯಿ ಮುಚ್ಚು!"

ಹೋದರು. ತಿರುಪತಿಯಲ್ಲಿ ಕ್ಷೌರದವನು ಮಾಬ್ಲನ ತಲೆಗೆ ನೀರು ಚಿಮುಕಿಸಿ, ಕತ್ತಿ ಹಿಡಿದು, ಎಲ್ಲಿಂದ ಶುರು ಮಾಡಲಿ ಎಂದು ಅತ್ತಿತ್ತ ನೋಡಿ, ಅರ್ಧ ನಿಮಿಷದಲ್ಲಿ ಕೆಲಸ ಮುಗಿಸಿದ. ಪೊದೆ ಹೋಯಿತು, ರಸ್ತೆ ಹೋಯಿತು, ಆ ಏಳೂ ಹೋದವು. ಮಾಬ್ಲ ಬಲೆ ಹೆಣೆಯುವುದನ್ನು ಯಾರ ಹತ್ತಿರ ಕಲಿಯುವುದೆಂದು ಯೋಚಿಸುತ್ತ ಊರಿಗೆ ಬಂದ.

ದಾಸ ಬಂದ. ನಾಮ ಹಾಕಿಕೊಂಡು ಫಳಫಳ ಹೊಳೆಯುವ ತಲೆ ನೋಡಿದ.

"ಓಹೋ, ತಿಮ್ಮಪ್ಪನಿಗೆ ಮುಡಿ ಕೊಟ್ಟದ್ದಾ?" ದಾಸನ ಮುಖ ಅರಳಿತು. "ಈಗಿನ ಹುಡುಗರು ಕಿವಿ ಮುಚ್ಚೂವರೆಗೆ ಕೂದಲು ಬಿಟ್ಕಂಡು ತಿರಗ್ತ್ರು. ದೇವರಿಗೆ ತಲೆ ಕೊಡೂ ಹುಡುಗ ಸಿಕ್ಕೂದು ನಮ್ಮ ಪುಣ್ಯ! ಕೂದಲು ದಂಡಿ ಇತ್ತನಾ?"

"ದೇವರಿಗೆ ಕೊಟ್ಟದ್ದನ್ನ ಎಣಸೂಕಾಗ" ಎಂದಳು ಈರಮ್ಮ, ಗಂಭೀರವಾಗಿ.

ಬೋಳಿಸಿದ ತಲೆಯಲ್ಲಿ ಬೋಳಾದದ್ದು ಎಲ್ಲಿ ಎಂದು ಯಾರಿಗೆ ಗೊತ್ತಾಗಬೇಕು! ತುಳಸಿ ಹಬ್ಬ ಕಳೆದ ಕೂಡಲೇ ಪೇಟ ಸುತ್ತಿಕೊಂಡೇ ಮದುವೆಯೂ ಆಯಿತು. ಆಮೇಲೆ ಕಿವಿಗಳ ಮೇಲೆ ಪೊದೆ ಚಿಗುರಿತು. ನಡುವಿನ ಬಯಲು ಬಯಲಾಗಿಯೇ ಉಳಿಯಿತು. ಮಾಬ್ಲ ಮನೆಯಲ್ಲೂ ತಲೆಗೆ ಟವೆಲ್ಲು ಸುತ್ತಿಕೊಂಡು ತಿರುಗಿದ. ಹೆಂಡತಿ ಏನೂ ಕೇಳಲಿಲ್ಲ. ಕೇಳದಿದ್ದಷ್ಟೂ ಇವನಿಗೆ ಹೆದರಿಕೆ ಹೆಚ್ಚಿತು. ಕೊನೆಗೊಂದು ರಜೆಯ ದಿನ ಊಟಕ್ಕೆ ಕೂತಾಗ ತಾನೇ ಬಾಯಿಬಿಟ್ಟ.

"ದೇವಿ, ನೋಡು... ತಿರುಪತಿಲಿ ಕತ್ತಿ ಸ್ವಲ್ಪ ಆಳಕ್ಕೆ ಹೋಗಿತ್ತು. ಅದಕ್ಕೇ ನಡುವೆ ಬರೂದು ತಡ ಆಗ್ತಾ ಅದೆ..."

ದೇವಿ ಹುರಿದ ಬಂಗಡೆ ಎರಡನ್ನು ಬಟ್ಟಲಿಗೆ ಹಾಕಿದಳು. ಪಕ್ಕದಲ್ಲೇ ಮಜ್ಜಿಗೆ ಲೋಟ ಇಟ್ಟಳು. ಹಳೆಯ ಅಭ್ಯಾಸ, ಮಾಬ್ಲನ ಕೈ ಎರಡರ ನಡುವೆ ತಡವರಿಸಿತು.

"ತಿನ್ನಿ ಕಂಡಕ್ಟ್ರೇ! ಬೋಳು ಎರಡೂ ತಾಲೂಕಿಗೆ ಒಂದೇ ಅಲ್ದಾ?"

ಮಾಬ್ಲನ ತಲೆಯಿಂದ ಟವೆಲ್ಲು ಜಾರಿ ಮಜ್ಜಿಗೆಗೆ ಬಿತ್ತು. "ನೀನಾ! ಆ ದಿನ ಬಸ್ಸಲ್ಲಿ..."

"ಕುಮಟೆಗೆ ಸೋದರತ್ತೆ ಮನೆಗೆ ಹೊರಟಿದ್ದೆ. ನಂಗೆ ನೋಡಿದ ಹುಡುಗ ನೀವೇ ಅಂತ ಪಕ್ಕದ ಸೀಟಿನವರು ಹೇಳಿದ್ರು."

"ಹಂಗಾದ್ರೆ ಎಲ್ಲ ಗೊತ್ತಿದ್ದೂ ಒಪ್ಪಿದ್ಯಾ?"

"ಗೊತ್ತಿದ್ದಕ್ಕೇ ಒಪ್ಪಿದ್ದು!" ದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಯಾವುದೋ ಪಂಡಿತರಿಗೆ ಹೆದರಿ ಹುರಿದ ಬಂಗಡೆಯನ್ನೇ ನಾಯಿಗೆ ಹಾಕೂ ಗಂಡಸು, ಹೆಂಡ್ತಿಗೆ ಹೆದರದೇ ಇರ್ತ್ನಾ ಅಂದ್ಕಂಡೆ. ಮನೆಗೆ ಬಂದವಳೇ ಅಪ್ಪನಿಗೆ ಹೇಳ್ದೆ, ಈ ಸಂಬಂಧ ಬಿಡಬೇಡ ಅಂತ."

ಮಾಬ್ಲ ತಲೆ ತಗ್ಗಿಸಿ ಬಂಗಡೆ ಮುರಿದ.

"ಇನ್ನೊಂದು ಹಾಕ್ಲಾ?" ಎಂದಳು ದೇವಿ.

"ನೀನೇ ಹೇಳು ಮಾರಾಯ್ತಿ," ಎಂದ ಮಾಬ್ಲ, "ತಿನ್ಲಕ್ಕಾ?"