ಮಾಹಿತಿ ಮೇಜಿನ ಖರ್ಚು

ಸರ್ಕಾರಿ ಆಸ್ಪತ್ರೆಯಲ್ಲಿ ಮೇಜು ಹಾಕಿ ‘ಔಷಧ ಮಾಹಿತಿ’ ಅಂತ ಬೋರ್ಡು ನೇತುಹಾಕಿದರೆ ನಗು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಿಲ್ಲ. ಅದೇ ಚೀಟಿ ಹಿಡಿದು ಬರುತ್ತದೆ. ನಾನು ಫಾರ್ಮಸಿಸ್ಟ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲ ಕಡೆ ಮಾತ್ರೆ ಎಣಿಸಿಕೊಟ್ಟು, ಈಗ ಕೆ.ಆರ್. ನಗರದ ಕಡೆ ಈ ಮೇಜಿಗೆ ಬಂದು ಕೂತವಳು. ಯಾವ ಮಾತ್ರೆ ಹೇಗೆ ತಗೋಬೇಕು, ಯಾವುದರ ಜೊತೆ ಯಾವುದು ಕೂಡದು ಅಂತ ಜನರಿಗೂ ಹೇಳಬೇಕು, ಡಾಕ್ಟರು ನರ್ಸು ಕೇಳಿದರೆ ಅವರಿಗೂ ಹೇಳಬೇಕು. ಒಂದು ಕಂಪ್ಯೂಟರು, ಒಂದು ಫೋನು, ಒಬ್ಬಳು ನಾನು. ಇಷ್ಟಕ್ಕೇ ಮೇಲಿನವರು, ‘ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಮುಚ್ಚಬಹುದೇ ನೋಡಿ’ ಅಂದರು. ಆ ತಿಂಗಳು ನನಗೆ ಅನ್ನ ಸೇರಲಿಲ್ಲ. ಈ ಕೆಲಸ ನನಗೆ ಅಷ್ಟು ಇಷ್ಟ.

ಮೊದಲ ಗಿರಾಕಿ

ಮೇಜು ಹಾಕಿದ ದಿನ ಮೊದಲು ಬಂದವರು, ನೆಂಟರನ್ನು ನೋಡಲು ಬಂದಿದ್ದ ಗುರುಪುರದ ಗೌಡರು. ಎಕ್ಸ್‌ರೇ ಎಲ್ಲಿ ಅಂದರು, ತೋರಿಸಿದೆ. ಕುಡಿಯೋ ನೀರು ಎಲ್ಲಿ ಅಂದರು, ತೋರಿಸಿದೆ. ಹುಣಸೂರು ಬಸ್ಸು ಎಷ್ಟೊತ್ತಿಗೆ ಅಂದರು, ಅದನ್ನೂ ಹೇಳಿದೆ.

“ಮಾತ್ರೆ ವಿಚಾರನೂ ಹೇಳ್ತೀರಂತಲ್ಲ ಮೇಡಂ?”

ನನಗೆ ಹಿಗ್ಗೋ ಹಿಗ್ಗು. ಕುರ್ಚಿ ಮುಂದಕ್ಕೆಳೆದು, “ಹೇಳ್ತೀನಿ, ಕೇಳಿ” ಅಂದೆ.

“ಇನ್ನೊಂದ್ಸಲ ಬಂದಾಗ ಕೇಳ್ತೀನಿ ಬುಡಿ, ಬಸ್ ಬಂದ್ಬುಡ್ತದೆ.”

ಒಂದೇ ಮಡಕೆ

ಮಿರ್ಲೆಯ ಅಜ್ಜಿ ಒಬ್ಬರಿಗೂ ಅವರ ಯಜಮಾನರಿಗೂ ಬಿ.ಪಿ. ಇಬ್ಬರಿಗೂ ಬೇರೆ ಬೇರೆ ಮಾತ್ರೆ ಕೊಟ್ಟಿದ್ದರೂ ಇಬ್ಬರ ಬಿ.ಪಿ.ಯೂ ಇಳಿಯದು. ವಿಚಾರಿಸಿದರೆ, ದಿನಾ ಒಂದೇ ಮಾತ್ರೆ ಮುರಿದು ಇಬ್ಬರೂ ಅರ್ಧರ್ಧ ನುಂಗುತ್ತಿದ್ದರು!

“ಯಾಕಜ್ಜಿ?”

“ಒಂದೇ ಮಡಕೇಲಿ ಸಾರು ಉಣ್ತೀವಿ ಕಣವ್ವ, ಉಪ್ಪೂ ಒಂದೇ, ಬಿ.ಪಿ.ನೂ ಒಂದೇ. ಎರಡು ಮಾತ್ರೆ ಯಾಕೆ ದಂಡ?”

ಅರ್ಧ ಮಾತ್ರೆಗೆ ಅರ್ಧ ಗುಣವೂ ಇಲ್ಲ, ಅವರವರ ಮಾತ್ರೆ ಅವರವರೇ ಪೂರ್ತಿ ನುಂಗಬೇಕು ಅಂತ ಗಂಟಲು ನೋಯುವಷ್ಟು ಹೇಳಿದೆ. ಅಜ್ಜಿ ಪಕ್ಕದಲ್ಲೇ ನಿಂತಿದ್ದ ಗಂಡನ ಕಡೆ ತಿರುಗಿ ಅಂದರು: “ಕೇಳ್ದಾ? ಇವತ್ತಿಂದ ನಿಂದು ನಿಂಗೆ, ನಂದು ನಂಗೆ. ಮನೆ ಪಾಲಾಗೋಯ್ತು ನೋಡು!”

ಹಸುವಿನ ಜ್ವರ

ಹೊಸ ಅಗ್ರಹಾರದ ಹೆಂಗಸೊಬ್ಬರು ಜ್ವರದ ಮಾತ್ರೆ ಹಿಡಿದು ಬಂದರು. “ನಮ್ಮ ಹಸ ಮೈ ಬಿಸಿ ಮಾಡ್ಕಂಡದೆ. ನಂಗೆ ಒಂದು ಮಾತ್ರೆ ಕೊಟ್ಟಿದ್ರಿ. ಅದು ನನ್ನ ಐದು ಪಟ್ಟು ಐತೆ. ಐದು ಆಕ್ಬುಡ್ಲಾ?”

ಲೆಕ್ಕ ಏನೋ ಚೆನ್ನಾಗಿತ್ತು. ಬೇಡವೇ ಬೇಡ ಅಂತ ತಡೆದು, ದನದ ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರೇ ಮನೆಗೆ ಬರುತ್ತಾರಂತೆ ಅಂದದ್ದೇ ತಡ, ಆಕೆಗೆ ಸಿಟ್ಟು ಬಂತು.

“ಹಸೂನ ನೋಡಕ್ಕೆ ಮನೇಗೆ ಬತ್ತಾರಾ? ನಂಗೆ ಜ್ವರ ಬಂದಾಗ ನಾನೇ ಬಸ್ಸಲ್ಲಿ ನಿಂತ್ಕಂಡು ಬಂದೆ!”

ಸಾಹೇಬರ ಸರದಿ

ಕಡೆಗೂ ಮುಚ್ಚಬೇಕೋ ಬೇಡವೋ ನೋಡಲು ಲೆಕ್ಕದ ಸಾಹೇಬರು ಬಂದರು. ಅದೇ ಹೊತ್ತಿಗೆ ವಾರ್ಡಿನ ನರ್ಸಿಗೆ ಯಾವುದೋ ಇಂಜೆಕ್ಷನ್ ಬಗ್ಗೆ ಅನುಮಾನ ಬಂದು ನಾನು ಅಲ್ಲಿಗೆ ಓಡಿದ್ದೆ. ಎಷ್ಟು ಜನ ಬರುತ್ತಾರೋ ನೋಡೇಬಿಡೋಣ ಅಂತ ಸಾಹೇಬರು ನನ್ನ ಕುರ್ಚಿಯಲ್ಲೇ ಕೂತರಂತೆ. ನಾನು ಮರಳಿ ಬಂದಾಗ ಮೇಜಿನ ಮುಂದೆ ಸಾಲು. ಸಾಲಿನ ಮೊದಲಿಗೇ ಅದೇ ಮಿರ್ಲೆ ಅಜ್ಜಿ, ಸಾಹೇಬರನ್ನೇ ಕೇಳುತ್ತಿದ್ದರು.

“ನೆನ್ನೆ ಮಾತ್ರೆ ಮರ್ತೋದೆ ಸ್ವಾಮಿ. ಇವತ್ತು ಎರಡೂ ಒಟ್ಗೆ ನುಂಗ್ಲಾ?”

“ಬಾಕಿ ಉಳಿಸ್ಕೋಬಾರದು...” ಅಂತ ಶುರುಮಾಡಿದ ಸಾಹೇಬರು ಅಲ್ಲಿಗೇ ನಿಂತರು. ಎದುರು ಗೋಡೆಯ ಮೇಲೆ, ‘ಔಷಧದ ಬಗ್ಗೆ ಅನುಮಾನವೇ? ಫೋನ್ ಮಾಡಿ’ ಅಂತ ನಂಬರು ಬರೆಸಿದ್ದೆವು. “ತಾಳಮ್ಮ, ತಿಳಿದವರನ್ನೇ ಕೇಳ್ತೀನಿ” ಅಂತ ಮೊಬೈಲಿನಲ್ಲಿ ಆ ನಂಬರು ಒತ್ತಿದರು.

ಅವರ ಮುಂದಿದ್ದ ದಪ್ಪ ಪುಸ್ತಕದ ಹಿಂದೆ ಮೇಜಿನ ಫೋನು ಹೊಡೆದುಕೊಂಡಿತು.

ಸಾಹೇಬರು ಇನ್ನೊಂದು ಕೈಯಲ್ಲಿ ಅದನ್ನೆತ್ತಿ, “ಹಲೋ, ಔಷಧ ಮಾಹಿತಿ ಕೇಂದ್ರ” ಅಂದರು. ಮೊಬೈಲಿನಲ್ಲೂ ತಮ್ಮದೇ ದನಿ ಕೇಳಿ ಎರಡು ಕಿವಿಗೂ ಫೋನು ಹಿಡಿದು ಕಲ್ಲಾಗಿ ಕೂತರು.

ನಗು ತಡೆದುಕೊಂಡು ಮೇಜಿನ ಹತ್ತಿರ ಹೋದೆ. “ಎರಡು ಬೇಡ ಅಜ್ಜಿ, ತಲೆ ತಿರುಗಿ ಬೀಳ್ತೀರಿ. ಇವತ್ತಿಂದು ಒಂದೇ” ಅಂದೆ. ಸಾಹೇಬರು ದಡಕ್ಕನೆ ಎದ್ದು ಕುರ್ಚಿ ಬಿಟ್ಟುಕೊಟ್ಟರು.

“ಖರ್ಚು ಜಾಸ್ತಿ ಅಂತ ಮುಚ್ಚೋಕೆ ಬಂದಿದ್ದೆ ಮೇಡಂ. ಬೇಡ. ಮುಂದುವರಿಸಿ ಅಂತಲೇ ಬರೀತೀನಿ. ಇನ್ನೊಂದು ಗಳಿಗೆ ಕೂತಿದ್ರೆ ನಾನೇ ಯಾರನ್ನೋ ಬೀಳಿಸ್ತಿದ್ದೆ.”

ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅಜ್ಜಿ ಇನ್ನೂ ಅಲ್ಲೇ ನಿಂತಿದ್ದರು.

“ಖರ್ಚು ಎಲ್ಲಿ ಬಂತು ಸ್ವಾಮಿ? ಫೋನ್ ಮಾಡಕ್ಕೊಬ್ರು, ಎತ್ತಕ್ಕೊಬ್ರು ಬೇಕಿತ್ತು. ಎರಡೂ ನೀವೊಬ್ರೇ ಮಾಡುದ್ರಿ. ಒಂದಾಳು ಉಳೀತಲ್ಲ ಬುಡಿ!”